ಎರಡು ಗೆರೆ

ಮಂಡ್ಯದ ಗುತ್ತಲು ರಸ್ತೆ. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ.
ಅದರ ಮಾಳಿಗೆಯಲ್ಲಿ ನಮ್ಮ ರೂಮು:
ಎರಡು ಕಂಪ್ಯೂಟರು, ಒಂದೂವರೆ ಫ್ಯಾನು.
ಅರ್ಧದ್ದು ರೆಹಾನಾಳ ಕಡೆ ತಿರುಗಿದರೆ ನಿಂತುಬಿಡುತ್ತದೆ.
ರೋಬೋಗಳಿಗೆ ಮೈ ಬರೆಯುವವಳು ಅವಳು.
ಆ ತೂಗಾಡುವ ನಡಿಗೆ
ಫ್ಯಾಕ್ಟರಿ ಗೇಟಿನ ಮುಂದೆ ಸಾಲುಗಟ್ಟಿದ
ಕಬ್ಬಿನ ಗಾಡಿಗಳಿಂದ ಕದ್ದದ್ದು.
ಬುದ್ಧಿ ಕೊಡುವುದು ನನ್ನ ಪಾಲು.

ಬುದ್ಧಿ ಅಂದರೆ ಒಂದು ಮರ.
ಬೇರು ಮೇಲೆ, ಎಲೆ ಕೆಳಗೆ.
ವರನ ಹೆಸರು ತಪ್ಪಾಗಿ ಅಚ್ಚಾಗಿ
ಗಿರಾಕಿ ಬಿಟ್ಟುಹೋದ ಪತ್ರಿಕೆಗಳ ಬೆನ್ನಿನಲ್ಲಿ ಬರೆದು
ಗೋಡೆಗೆ ಅಂಟಿಸಿದ್ದೆ.
ಕೆಳಗಿನ ಜವರಾಯಿ ಕರೆಂಟು ಬಿಲ್ಲು ಕೊಡಲು ಬಂದವನು
ಕತ್ತು ಓರೆ ಮಾಡಿ ನೋಡಿದ:
"ಇದ್ಯಾಕವ್ವ, ಮರಾನ ಬುಡಮೇಲು ನೆಟ್ಟಿದ್ದೀಯ?"

ಶತ್ರು ಕಂಡನೆ? ಹೌದಾದರೆ ಎಡಕ್ಕೆ.
ಬ್ಯಾಟರಿ ಐವತ್ತಕ್ಕಿಂತ ಕಡಿಮೆಯೆ? ಹೌದಾದರೆ ಮತ್ತೂ ಎಡಕ್ಕೆ,
ಅಲ್ಲೊಂದು ಎಲೆ: ಓಡು.
ಅಲ್ಲವಾದರೆ: ಹೊಡಿ.
ಯಾರೂ ಕಾಣದಿದ್ದರೆ, ದೂರದ ಕೊಂಬೆಯ ಒಂಟಿ ಎಲೆ: ಸೇತುವೆ ಕಾಯಿ.
ಗಾಳಿಗೆ ಅಲುಗುವ ಎಲೆಗಳಲ್ಲ.
'ಇರಲಿ, ನೋಡೋಣ' ಎಂಬುದು
ಈ ಜಾತಿಯ ಮರದಲ್ಲಿ ಬಿಡುವುದೇ ಇಲ್ಲ.
ನಮ್ಮ ಮನೆಯಲ್ಲಿ ವರ್ಷಪೂರ್ತಿ ಅದೇ ಚಿಗುರು.

ಒಂದು ರಾತ್ರಿ ಆಟವನ್ನು ಅದರ ಪಾಡಿಗೆ ಬಿಟ್ಟು ಹೋದೆ.
ರೋಬೋಗೆ ರೋಬೋ ಎದುರು, ನೂರು ಯುದ್ಧ.
ಬೆಳಿಗ್ಗೆ ಬಂದರೆ ತೊಂಬತ್ತೊಂಬತ್ತು ಮುಗಿದಿವೆ;
ಕೊನೆಯದರಲ್ಲಿ ಏಳನೇ ನಂಬರಿನವನು
ಸೇತುವೆ ದಾಟುತ್ತಿದ್ದಾನೆ.
ನಲವತ್ತೊಂಬತ್ತು, ಓಡು.
ಈಚೆ ಬಂದ, ಚಾರ್ಜರಿಗೆ ಬೆನ್ನು ಕೊಟ್ಟ.
ಐವತ್ತು, ಹೊಡಿ.
ಆಚೆ ಹೋದ. ನಡೆದ ದಣಿವಿಗೇ
ನಲವತ್ತೊಂಬತ್ತು.
ಎರಡು ಸಾವಿರದ ಮುನ್ನೂರ ಹದಿನಾರು ಸಲ.

ರೆಹಾನಾ ನಕ್ಕಳು. ನಾನೂ ನಕ್ಕೆ,
ಆಮೇಲೆ ಯಾಕೋ ನಿಲ್ಲಿಸಿದೆ.
ಅವನದೇನೂ ತಪ್ಪಿರಲಿಲ್ಲ.
ಪ್ರತಿ ಸಲವೂ ಮರವನ್ನು ಬುಡದಿಂದ ಕೇಳಿದ್ದ,
ಪ್ರತಿ ಸಲವೂ ಹೇಳಿದಂತೆ ಮಾಡಿದ್ದ.

ಭಾನುವಾರ ನಾಲೆ ಏರಿಯ ಮೇಲೆ ದೊಡ್ಡಪ್ಪ ಸಿಕ್ಕಿದ,
ಮೂವತ್ತು ವರ್ಷದ ನೀರುಗಂಟಿ, ಚಿಕ್ಕಹೈದೇಗೌಡ.
ಏಳನೆಯವನ ಕಥೆ ಹೇಳಿದೆ, ಯಾರೋ ಪರಿಚಯದ ಹುಡುಗನದೆಂಬಂತೆ.
ದೊಡ್ಡಪ್ಪ ನಗಲಿಲ್ಲ.
ತೂಬಿನ ಹತ್ತಿರ ಕರೆದೊಯ್ದು ಕಲ್ಲು ತೋರಿಸಿದ.
ಮೇಲೊಂದು ಕೆಂಪು ಗೆರೆ, ಕೆಳಗೊಂದು ಸುಣ್ಣದ್ದು.

"ಎತ್ತಕ್ಕೆ ಒಂದ್ ಗೆರೆ, ಇಳ್ಸಕ್ಕೆ ಇನ್ನೊಂದು.
ಒಂದೇ ಮಡಗಿದ್ರೆ
ರಾತ್ರಿಯೆಲ್ಲ ಎತ್ತು, ಇಳ್ಸು, ಎತ್ತು, ಇಳ್ಸು,
ರೆಟ್ಟೆ ಬಿದ್ದೋಯ್ತದೆ ಕಣವ್ವ.
ಎತ್ತುದ್ ಮ್ಯಾಲೆ ವಸಿ ಹೊತ್ತು ಸುಮ್ಗಿರು.
ಹೊಂಟೆ ಅಂತ ನೀರಿಗೂ ಗೊತ್ತಾಗ್ಬೇಕಲ್ವ?"

ಎರಡು ಗೆರೆಗಳ ನಡುವೆ
ಒಂದು ಗೇಣು ಕಲ್ಲು, ಪಾಚಿಗಟ್ಟಿದ್ದು.
ಆ ಗೇಣಿನೊಳಗೆ ನೀರು ಏರಲಿ, ಇಳಿಯಲಿ,
ದೊಡ್ಡಪ್ಪ ಬೀಡಿ ಸೇದುತ್ತಾನೆ.

ಸೋಮವಾರ ಮರ ತಿದ್ದಿದೆ.
ಮೂವತ್ತಕ್ಕೆ ಇಳಿದರೆ ಓಡು.
ಓಡಿದ ಮೇಲೆ ಎಪ್ಪತ್ತು ತುಂಬುವ ತನಕ ತಿರುಗಬೇಡ.
ನಡುವಿನ ನಲವತ್ತರಲ್ಲಿ ಪ್ರಶ್ನೆಯಿಲ್ಲ;
ಹೊರಟವನಿಗೆ ಹೊರಟ ನೆನಪೊಂದು, ಅಷ್ಟೇ.
ಅದಕ್ಕೆ ಬೇಕಾದದ್ದು ಮೂರು ಸಾಲು ಕೋಡು.

ನೂರಕ್ಕೆ ನೂರೂ ಮುಗಿದವು.
ಏಳನೆಯವನು ಎಪ್ಪತ್ತು ತುಂಬಿಸಿಕೊಂಡು
ಒಂದೇ ಸಲ ಸೇತುವೆ ದಾಟಿದ,
ಹನ್ನೆರಡನೇ ನಿಮಿಷಕ್ಕೆ ಆಚೆ ದಡದಲ್ಲಿ ಬಿದ್ದ.
"ಈಗ ಆಟ ಅನ್ನಿಸ್ತಿದೆ," ಅಂದಳು ರೆಹಾನಾ,
ಅವನ ಮೈಗೆ ತುಕ್ಕು ಬಳಿಯುತ್ತಾ.
ನಾನು ಹಳೆಯ ಮರವನ್ನು ಅಳಿಸದೆ ಇಟ್ಟಿದ್ದೇನೆ,
ಯಾಕೆಂದು ಅವಳು ಕೇಳಿಲ್ಲ.

ಮುಂದಿನ ತಿಂಗಳ ಬಿಲ್ಲು ಹಿಡಿದು ಜವರಾಯಿ ಬಂದ.
ಗೋಡೆಯ ಮುಂದೆ ಬಹಳ ಹೊತ್ತು ನಿಂತ.
"ಎಲ್ಲಾ ಸರಿ ಕಣವ್ವ," ಅಂದ,
"ಬೇರು ಅಷ್ಟೆತ್ತರದಲ್ಲವೆ,
ನೀರು ಎಲ್ಲಿಂದ ಉಯ್ತೀಯ?"